ತೋಟದ ಕಸಕ್ಕೆ ಬೆಂಕಿ ಕೊಡುವ ಮುನ್ನ



ಕಾಫಿ ಕೊಯ್ಲು ಮುಗಿದು, ಅಡಿಕೆ ಒಣಗಿ ಒಳಗೆ ಸೇರಿದ ಮೇಲೆ ತೋಟಗಳಲ್ಲಿ ಹೊಗೆ ಏಳುವ ಕಾಲ ಬರುತ್ತದೆ. ಕಸಿ ಮಾಡಿದ ರೆಕ್ಕೆ, ಬಿದ್ದ ಸೋಗೆ, ಸಿಲ್ವರ್ ಓಕಿನ ದರಗು, ಬೇಲಿಯಲ್ಲಿ ಸವರಿದ ಲಂಟಾನ ಎಲ್ಲವನ್ನೂ ಒಟ್ಟಿ ಕಡ್ಡಿ ಗೀರುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಇದರಲ್ಲಿ ಬಹುಪಾಲು ಸುಡಬೇಕಾದ ವಸ್ತುವೇ ಅಲ್ಲ. ದರಗು ಗಿಡದ ಬುಡಕ್ಕೆ ಹೊದಿಕೆ. ಸೋಗೆ, ಅಡಿಕೆ ಸಿಪ್ಪೆ ಗೊಬ್ಬರಗುಂಡಿಗೆ. ದುಡ್ಡು ಕೊಟ್ಟು ಗೊಬ್ಬರ ಕೊಳ್ಳುವವರು ಮನೆಯ ಗೊಬ್ಬರವನ್ನು ಹೊಗೆ ಮಾಡುವುದು ಯಾವ ಲೆಕ್ಕ?

ಆದರೆ ಸುಡಲೇಬೇಕಾದದ್ದೂ ಇದೆ. ಎಲೆಚುಕ್ಕೆ ತಗುಲಿದ ಸೋಗೆ, ಕೊಳೆರೋಗದಿಂದ ಉದುರಿದ ಕಾಯಿ, ಬೇರು ರೋಗದ ಬೊಡ್ಡೆ, ಎಲ್ಲಕ್ಕಿಂತ ಮುಖ್ಯವಾಗಿ ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡ. ತೊಡಕಿರುವುದು ಇಲ್ಲಿಯೇ. ಈ ದುಂಬಿ ಹೊರಬಂದು ಹಾರುವುದು ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಎಲೆ ಹಳದಿಯಾಗಿ, ಕಾಂಡದ ಮೇಲೆ ಉಬ್ಬುಗೆರೆ ಕಂಡ ಗಿಡವನ್ನು ಮಾರ್ಚ್ ಮುಗಿಯುವುದರೊಳಗೆ ಕಿತ್ತು ಸುಡದಿದ್ದರೆ ನೆರೆಯ ಗಿಡವೂ ಹೋಯಿತೆಂದೇ ತಿಳಿಯಿರಿ. ಕಾಡಿಗೆ ಬೆಂಕಿ ಬೀಳುವ ಕಾಲವೂ ಅದೇ! 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತೆಂಬುದನ್ನು ನಾವು ಮರೆತಿಲ್ಲ.

ಆದುದರಿಂದ ಕಿತ್ತ ಗಿಡವನ್ನು ಆದಷ್ಟು ಮಟ್ಟಿಗೆ ಬಯಲಿನಲ್ಲಿ ಸುಡದೆ ಬಚ್ಚಲೊಲೆಗೆ ಹಾಕುವುದೇ ಲೇಸು. ಆದರೆ ಆಗಿಂದಾಗ್ಗೆ ಉರಿಸಿಬಿಡಬೇಕು. ಮಳೆಗಾಲಕ್ಕಾಯಿತೆಂದು ಕೊಟ್ಟಿಗೆಯಲ್ಲಿ ಒಟ್ಟಿಟ್ಟರೆ ದುಂಬಿ ಅಲ್ಲಿಂದಲೇ ಹಾರುತ್ತದೆ.

ಹೆಚ್ಚು ಗಿಡಗಳಿದ್ದು ತೋಟದಲ್ಲೇ ಸುಡಬೇಕಾದರೆ, ನೆರಳು ಮರ ಮತ್ತು ವಿದ್ಯುತ್ ತಂತಿಯಿಂದ ದೂರವಿರುವ ಜಾಗ ಹುಡುಕಿ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಉರಿ ತಾಗದೆ ಬರೀ ಝಳಕ್ಕೇ ಬಾಡುತ್ತದೆ. ಮಂಡಿಯಾಳದ ಗುಂಡಿ ತೋಡಿ, ಸುತ್ತ ಹತ್ತು ಹದಿನೈದು ಅಡಿ ಮಣ್ಣು ಕಾಣುವಂತೆ ಕೆರೆಯಿರಿ. ಇಬ್ಬನಿ ಆರುವ ಮುಂಚೆ ಹೊತ್ತಿಸಿ, ಗಾಳಿ ಏಳುವುದರೊಳಗೆ ಮುಗಿಸಬೇಕು. ಸಂಜೆ ಹೊತ್ತಿಸಿದ ಬೆಂಕಿಯನ್ನು ರಾತ್ರಿ ಯಾರೂ ಕಾಯುವುದಿಲ್ಲ. ಒಮ್ಮೆಗೇ ಒಟ್ಟದೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಹೋಗಿ. ಪೆಟ್ರೋಲು ಸುರಿಯುವ ದುಸ್ಸಾಹಸ ಖಂಡಿತ ಬೇಡ. ಇಬ್ಬರು ಆಳು, ನೀರು ತುಂಬಿದ ಬೆನ್ನುಪಂಪು, ಬಡಿಯಲು ಹಸಿ ಸೊಪ್ಪು ಪಕ್ಕದಲ್ಲೇ ಇರಬೇಕು. ಕಾಫಿ ಕುಡಿದು ಬರುತ್ತೇನೆಂದು ಇಬ್ಬರೂ ಒಟ್ಟಿಗೆ ಹೊರಡುವಂತಿಲ್ಲ. ಅಕ್ಕಪಕ್ಕದ ತೋಟದವರಿಗೂ, ಕಾಡಂಚಿನವರಾದರೆ ಅರಣ್ಯ ಗಾರ್ಡಿಗೂ ಹಿಂದಿನ ದಿನವೇ ತಿಳಿಸಿರಿ.

ಕಾನೂನಿನ ವಿಷಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಮೀಸಲು ಅರಣ್ಯಕ್ಕೆ ಬೆಂಕಿಯಿಡುವುದು ಮಾತ್ರವಲ್ಲ, ಅದಕ್ಕೆ ಅಪಾಯವಾಗುವಂತೆ ಬೆಂಕಿಯನ್ನು ಉರಿಯಲು ಬಿಟ್ಟು ಹೋಗುವುದೂ ಅಪರಾಧ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮು, ಜನರ ಜೀವಕ್ಕೆ ಅಪಾಯವಾಗುವಂತೆ ಬೆಂಕಿಯ ಬಗ್ಗೆ ಅಲಕ್ಷ್ಯ ತೋರಿದವರಿಗೆ 6 ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಬೆಂಕಿ ತಾನಾಗಿ ಹೋಯಿತು ಎಂಬ ನಮ್ಮ ಮಾಮೂಲು ಉತ್ತರ ಅಲಕ್ಷ್ಯವನ್ನು ಒಪ್ಪಿಕೊಂಡಂತೆಯೇ ಸರಿ. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ತ್ಯಾಜ್ಯ ಸುಡುವುದನ್ನು ನಿಷೇಧಿಸಿ, ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದ್ದಕ್ಕೆ 25,000 ರೂಪಾಯಿ ಪರಿಹಾರ ಗೊತ್ತುಮಾಡಿತು. ಹುಳು ಹಿಡಿದ ಗಿಡವೆಂದು ತೋರಿಸಿದರೆ ಕೇಳಲು ಬಂದವರಿಗೆ ಒಂದು ಉತ್ತರವಾದರೂ ಆಯಿತು. ರಾಶಿಯೊಳಗೆ ಗೊಬ್ಬರದ ಚೀಲ, ಔಷಧಿ ಡಬ್ಬಿ, ಹಳೆಯ ಪೈಪು ಸೇರಿದ್ದರೆ ಯಾವ ಉತ್ತರವೂ ಇಲ್ಲ.

ಆರಿಸುವುದು ಹೊತ್ತಿಸಿದಷ್ಟು ಸುಲಭವಲ್ಲ. ಮೇಲೆ ಬೂದಿ ತಣ್ಣಗಿದ್ದರೂ ಒಳಗೆ ಕೆಂಡವಿರುತ್ತದೆ. ಬೊಡ್ಡೆಯ ಬೇರು ಹಿಡಿದು ಮಣ್ಣೊಳಗೇ ಕನಲುತ್ತ ಹೋಗಿ, ಮರುದಿನ ಬೇರೆ ಕಡೆ ತಲೆಯೆತ್ತುವುದುಂಟು. ನೀರು ಹೊಯ್ದು, ಗುದ್ದಲಿಯಿಂದ ಕೆದಕಿ, ಮತ್ತೆ ನೀರು ಹೊಯ್ದು ಮಣ್ಣೆಳೆಯಿರಿ. ಮಾರನೆಯ ಬೆಳಿಗ್ಗೆ ಹೋಗಿ ಅಂಗೈಯನ್ನು ಮಣ್ಣಿನ ಹತ್ತಿರ ಹಿಡಿದು ನೋಡಿರಿ. ಬೆಂಕಿ ಕೈಮೀರಿದರೆ ತಡಮಾಡದೆ 112ಕ್ಕೆ ಕರೆಮಾಡಿ, ತೋಟಕ್ಕೆ ಬರುವ ದಾರಿಯನ್ನು ಸ್ಪಷ್ಟವಾಗಿ ಹೇಳಿರಿ.

ಸ್ವಂತ ಪಂಪು ಇಲ್ಲದ ಸದಸ್ಯರು ಸಂಘದ ಗೋದಾಮಿನಿಂದ ಒಂದು ದಿನದ ಮಟ್ಟಿಗೆ ಒಯ್ಯಬಹುದು. ಬೋರ್ಡೋ ದ್ರಾವಣದ ಗಷ್ಟು ತೊಳೆದು ಹಿಂದಿರುಗಿಸತಕ್ಕದ್ದು.

— ಕಾರ್ಯದರ್ಶಿ