ಕಂಪ್ಯೂಟರ್ ನಿಧಾನ ಆಗಿದ್ಯಾ? ಹೊಸದು ತಗೊಳ್ಳೋ ಮುಂಚೆ ಒಳಗೆ ಸ್ಪೈವೇರ್ ಇದೆಯಾ ನೋಡಿ

ದಾವಣಗೆರೆ/ಹರಿಹರ: ಕಂಪ್ಯೂಟರ್ ಆನ್ ಮಾಡಿ, ಹೊರಗೆ ಹೋಗಿ ಮಿರ್ಚಿ ಮಂಡಕ್ಕಿ ತಿಂದು ಬಂದ್ರೂ ಪರದೆ ಮೇಲೆ ಚಕ್ರ ತಿರುಗ್ತಾನೇ ಇರುತ್ತೆ. ಮಂಡಿಪೇಟೆಯ ಅಂಗಡಿಯಿಂದ ಹಿಡಿದು ಹರಿಹರದ ಮನೆಗಳವರೆಗೆ, ಎಂಟು-ಹತ್ತು ವರ್ಷದ ಹಳೇ ಕಂಪ್ಯೂಟರ್ ಇಟ್ಟುಕೊಂಡವರ ಗೋಳು ಇದೇ. ‘ಹಳೇದಾಯ್ತು, ಹೊಸದು ತಗೊಳ್ರಿ’ ಅನ್ನೋ ಸಲಹೆ ಬೇಗ ಸಿಗುತ್ತೆ. ಆದರೆ ನಿಧಾನಕ್ಕೆ ಕಾರಣ ಯಂತ್ರದ ವಯಸ್ಸೂ ಆಗಿರಬಹುದು, ಒಳಗೆ ಸೇರಿಕೊಂಡ ಸ್ಪೈವೇರ್ ಕೂಡ ಆಗಿರಬಹುದು. ಮೊದಲನೆಯದು ಬರೀ ಕಿರಿಕಿರಿ. ಎರಡನೆಯದು ನಿಮ್ಮ ಬ್ಯಾಂಕ್ ಖಾತೆಗೇ ಕೈ ಹಾಕುತ್ತೆ.

ಇದು ಬರೋದು ಹೇಗೆ?

ಸ್ಪೈವೇರ್ ಅಂದ್ರೆ ನಮಗೆ ಗೊತ್ತಾಗದಂತೆ ಕೂತು, ನಾವು ಟೈಪ್ ಮಾಡೋ ಪಾಸ್‌ವರ್ಡ್, ಬ್ರೌಸರ್‌ನಲ್ಲಿ ಸೇವ್ ಮಾಡಿದ ಲಾಗಿನ್ ಕದ್ದು ಬೇರೆಯವರಿಗೆ ಕಳಿಸೋ ಪ್ರೋಗ್ರಾಂ. ಕ್ರ್ಯಾಕ್ ಮಾಡಿದ ವಿಂಡೋಸ್, ದುಡ್ಡು ಕೊಡದೆ ಹಾಕಿಸಿಕೊಂಡ ಅಕೌಂಟ್ಸ್ ಸಾಫ್ಟ್‌ವೇರ್, ಊರೆಲ್ಲ ಸುತ್ತಿ ಬಂದ ಪೆನ್‌ಡ್ರೈವ್, ‘ಇನ್‌ವಾಯ್ಸ್’ ಅಂತ ಬಂದ ಅಪರಿಚಿತ ಮೇಲ್ ಇವೆಲ್ಲ ಅದರ ದಾರಿಗಳು. ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ದಿಢೀರನೆ ಶಾರ್ಟ್‌ಕಟ್ ಆಗಿ ಕಂಡರೆ ವೈರಸ್ ಇದೆ ಅಂತಲೇ ತಿಳೀರಿ.

ಬ್ರೌಸರ್‌ನ ಮೊದಲ ಪುಟ ತಾನಾಗೇ ಬದಲಾಗೋದು, ಮೂಲೆಯಲ್ಲಿ ಜಾಹೀರಾತು ಜಿಗಿಯೋದು, ಆಂಟಿವೈರಸ್ ತಾನಾಗೇ ಆಫ್ ಆಗೋದು ಕೂಡ ಲಕ್ಷಣಗಳು. ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’ ಅಂತ ಬಂದರೆ ಮಾಡಬೇಡಿ. ಅದೇ ಮೋಸದ ಬಾಗಿಲು.

ತೆಗೆಯೋದು ಹೇಗೆ?

1. ಮೊದಲು ಇಂಟರ್ನೆಟ್ ಕಿತ್ತುಹಾಕಿ. ಮೇಲ್ ಪಾಸ್‌ವರ್ಡ್, ಆಮೇಲೆ ಬ್ಯಾಂಕ್ ಮತ್ತು ಜಿಎಸ್‌ಟಿ ಪಾಸ್‌ವರ್ಡ್‌ಗಳನ್ನು ಮೊಬೈಲ್‌ನಿಂದ ಬದಲಿಸಿ. ಅದೇ ಕಂಪ್ಯೂಟರ್‌ನಲ್ಲಿ ಬದಲಿಸಿದ್ರೆ ಹೊಸದೂ ಕಳ್ಳನ ಕೈಗೇ ಹೋಗುತ್ತೆ.

2. ಲೆಕ್ಕದ ಡೇಟಾ, ಫೋಟೊ, ದಾಖಲೆಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಸಾಫ್ಟ್‌ವೇರ್ ಸೆಟಪ್ ಫೈಲ್‌ಗಳು ಬೇಡ. ಆ ಡಿಸ್ಕ್ ಅನ್ನು ಸ್ಕ್ಯಾನ್ ಮಾಡದೆ ಬೇರೆ ಕಂಪ್ಯೂಟರ್‌ನಲ್ಲಿ ತೆಗೆಯಬೇಡಿ.

3. ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ, ನೀವು ಹಾಕಿಸದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಬ್ರೌಸರ್‌ನ ಬೇಡದ ಎಕ್ಸ್‌ಟೆನ್ಷನ್ ಕೂಡ ತೆಗೀರಿ.

4. ಈಗ ಇಂಟರ್ನೆಟ್ ಹಾಕಿ, ವಿಂಡೋಸ್‌ನಲ್ಲೇ ಇರೋ ಡಿಫೆಂಡರ್ ಅಪ್‌ಡೇಟ್ ಮಾಡಿ, ‘ಆಫ್‌ಲೈನ್ ಸ್ಕ್ಯಾನ್’ ಒತ್ತಿ. ಇದು ವಿಂಡೋಸ್ ಪೂರ್ತಿ ಶುರುವಾಗೋ ಮುಂಚೆಯೇ ಹುಡುಕೋದ್ರಿಂದ ಸ್ಪೈವೇರ್‌ಗೆ ಅಡಗೋಕೆ ಜಾಗ ಕಮ್ಮಿ. ಕೇಂದ್ರ ಸರ್ಕಾರದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ವೆಬ್‌ಸೈಟ್‌ನಲ್ಲೂ ಉಚಿತ ಟೂಲ್‌ಗಳಿವೆ. ಎರಡೆರಡು ಆಂಟಿವೈರಸ್ ಒಟ್ಟಿಗೆ ಹಾಕಿದ್ರೆ ಕಂಪ್ಯೂಟರ್ ಇನ್ನೂ ಕುಂಟುತ್ತೆ.

5. ಆದ್ರೂ ಲಕ್ಷಣ ಹೋಗಲಿಲ್ಲ ಅಂದ್ರೆ ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿ. ಮತ್ತೆ ಕ್ರ್ಯಾಕ್ ಕಾಪಿ ಹಾಕಿಸಿದ್ರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ.

ವೇಗ ಬರೋದು ಹೇಗೆ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ‘ಸ್ಟಾರ್ಟ್‌ಅಪ್’ನಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಏನೂ ತೆರೆಯದಿದ್ರೂ ‘ಡಿಸ್ಕ್’ ಸದಾ 100% ಹತ್ತಿರ ಇದ್ರೆ ಹೆಚ್ಚಾಗಿ ತಪ್ಪು ಹಳೇ ಹಾರ್ಡ್ ಡಿಸ್ಕ್‌ದು. ಅದರೊಳಗೆ ತಿರುಗೋ ತಟ್ಟೆ ಇರುತ್ತೆ. ತಟ್ಟೆ ಇಲ್ಲದ ಎಸ್‌ಎಸ್‌ಡಿ ಹಾಕಿಸಿದ್ರೆ ಹಳೇ ಕಂಪ್ಯೂಟರ್‌ನಲ್ಲೂ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ರ‍್ಯಾಮ್ 4 ಜಿಬಿ ಇದ್ರೆ 8ಕ್ಕೆ ಏರಿಸಿ. ಫ್ಯಾನ್‌ನಲ್ಲಿ ಧೂಳು ಕೂತರೆ ಬಿಸಿ ಏರುತ್ತೆ, ಬಿಸಿಯಾದ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತೆ. ನಮ್ಮ ಬೇಸಿಗೆಗೆ ಮುಂಚೆ ಒಮ್ಮೆ ಧೂಳು ತೆಗೆಸೋದು ಒಳ್ಳೇದು.

ವಿಂಡೋಸ್ 10 ಇದ್ದವರಿಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ ಮುಗಿದಿದೆ. ಹೆಚ್ಚುವರಿ ಭದ್ರತಾ ಯೋಜನೆಗೆ ಸೇರದವರಿಗೆ ಹೊಸ ಅಪ್‌ಡೇಟ್ ಸಿಗಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಇರಬೇಕು. ಬರೀ ಮೇಲ್, ಬ್ರೌಸಿಂಗ್, ಮಕ್ಕಳ ಓದಿಗಾದ್ರೆ ಉಚಿತ ಲಿನಕ್ಸ್ ಮಿಂಟ್ ಸಾಕು. ಟ್ಯಾಲಿ ಬಳಸೋ ಅಂಗಡಿಯವರಿಗೆ ಅದು ಹೊಂದಲ್ಲ, ಯಾಕಂದ್ರೆ ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು.

ದುಡ್ಡು ಹೋಗಿದ್ರೆ?

ಕಂಪ್ಯೂಟರ್ ಮುಟ್ಟಬೇಡಿ. ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ ತಿಳಿಸಿ. ದಾವಣಗೆರೆಯ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಡಬಹುದು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗದಂತೆ ತಡೆಯೋ ಅವಕಾಶ ಹೆಚ್ಚು. ನಾಳೆ ನೋಡೋಣ ಅಂತ ಕೂತರೆ ದುಡ್ಡು ಕೈ ದಾಟಿರುತ್ತೆ.