ಗಳಿಗೆ: ಅಳತೆಯ ಮಾತು, ಆಡುಮಾತು

‘ಒಂದು ಗಳಿಗೆ ತಾಳು’ ಎನ್ನುವವನು ಕಾಲವನ್ನು ಅಳೆದು ಹೇಳುವುದಿಲ್ಲ. ‘ಸ್ವಲ್ಪ ಹೊತ್ತು’ ಎಂಬಷ್ಟೇ ಅವನ ಇಂಗಿತ. ಆದರೆ ಇದೇ ಪದವು ಜ್ಯೋತಿಷಗ್ರಂಥಗಳಲ್ಲಿ ಖಚಿತವಾದ ಪರಿಮಾಣವೊಂದನ್ನು ಸೂಚಿಸುತ್ತದೆ. ಈ ಭೇದವನ್ನರಿಯದೆ ಓದಿದಲ್ಲಿ ಪಂಚಾಂಗದ ಲೆಕ್ಕವೂ ತಪ್ಪುತ್ತದೆ, ಕಾವ್ಯದ ಭಾವವೂ ಕೆಡುತ್ತದೆ.

‘ಗಳಿಗೆ’ಯು ಸಂಸ್ಕೃತದ ‘ಘಟಿಕಾ’ ಶಬ್ದದ ತದ್ಭವ. ಮಹಾಪ್ರಾಣವನ್ನುಳಿಸಿಕೊಂಡ ‘ಘಳಿಗೆ’ ಎಂಬ ರೂಪವೂ ಬಳಕೆಯಲ್ಲಿದೆ. ಘಟಿಕೆಯೆಂದರೆ ಮೊದಲಿಗೆ ಚಿಕ್ಕ ಕೊಡ. ತಳದಲ್ಲಿ ಸೂಕ್ಷ್ಮ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗಲು ಹಿಡಿಯುವ ಕಾಲವೇ ಒಂದು ಗಳಿಗೆ. ಇಂತಹ ಬಟ್ಟಲು ಹಗಲಿರುಳು ಸೇರಿ 60 ಬಾರಿ ಮುಳುಗುವುದೆಂದು ‘ಸೂರ್ಯಸಿದ್ಧಾಂತ’ವು ಹೇಳುತ್ತದೆ. ಎಂದರೆ ಗಳಿಗೆಗೆ 24 ನಿಮಿಷ. ಅದರ 60ನೆಯ ಒಂದು ಪಾಲಾದ ವಿಗಳಿಗೆಗೆ 24 ಸೆಕೆಂಡು. ಎರಡು ಗಳಿಗೆ ಕೂಡಿದರೆ ಒಂದು ಮುಹೂರ್ತ. ಹೀಗೆ ಪಾತ್ರೆಯ ಹೆಸರು ಕಾಲದ ಹೆಸರಾಯಿತು.

ಸೂರ್ಯೋದಯದಿಂದ ಗಳಿಗೆಗಳನ್ನೆಣಿಸುವ ಪಂಚಾಂಗದಲ್ಲಿ ತಿಥಿಯೊಂದರ ಮುಂದೆ 12-30 ಎಂದಿದ್ದರೆ, ಅದು ಮಧ್ಯಾಹ್ನದ ಹನ್ನೆರಡೂವರೆ ಗಂಟೆಯಲ್ಲ. ಹನ್ನೆರಡೂವರೆ ಗಳಿಗೆಯೆಂದರೆ ಐದು ಗಂಟೆಗಳು. ಆರು ಗಂಟೆಗೆ ಸೂರ್ಯೋದಯವಾದ ದಿನ ಆ ತಿಥಿ ಹನ್ನೊಂದಕ್ಕೇ ಮುಗಿದಿರುತ್ತದೆ. ಇಲ್ಲಿ ‘ಸ್ವಲ್ಪ ಹೊತ್ತು’ ಎಂಬ ಅರ್ಥಕ್ಕೆ ಎಡೆಯಿಲ್ಲ.

ಆಡುಮಾತಿನ ನಡೆಯೇ ಬೇರೆ. ‘ಅರೆಗಳಿಗೆಯೂ ಅಗಲಿರಲಾರಳು’ ಎಂಬಲ್ಲಿ ಹನ್ನೆರಡು ನಿಮಿಷಗಳ ಲೆಕ್ಕ ಹಾಕಿದರೆ ತಾಯಿಯ ಮಮತೆಯೇ ನಗೆಪಾಟಲಾದೀತು. ‘ಗಳಿಗೆಗೊಂದು ಮಾತು’ ಎಂಬುದು ಚಂಚಲತೆಯನ್ನೂ, ‘ಗಳಿಗೆಯಲ್ಲಿ ಮುಗಿಸಿದ’ ಎಂಬುದು ಶೀಘ್ರತೆಯನ್ನೂ ತಿಳಿಸುತ್ತವೆ. ‘ಎರಡು ಗಳಿಗೆ ಕುಳಿತು ಹೋಗಿ’ ಎಂಬಲ್ಲಿ ಸಂಖ್ಯೆಯಿದ್ದರೂ ಎಣಿಕೆಯಿಲ್ಲ, ಆದರವಿದೆ. ಆದುದರಿಂದ ಸಂಖ್ಯೆ ಇದೆಯೇ ಎಂಬುದಕ್ಕಿಂತ, ಮಾತು ಯಾವ ಸಂದರ್ಭದಲ್ಲಿ ಬಂದಿದೆ ಎಂಬುದನ್ನೇ ವಿದ್ಯಾರ್ಥಿಗಳು ಮೊದಲು ನೋಡತಕ್ಕದ್ದು.

‘ಒಳ್ಳೆಯ ಗಳಿಗೆ’, ‘ಕೆಟ್ಟ ಗಳಿಗೆ’ ಎಂಬ ಮೂರನೆಯ ಬಳಕೆಯೂ ಉಂಟು. ಇಲ್ಲಿ ಕಾಲದ ಉದ್ದ ಮುಖ್ಯವಲ್ಲ, ಗುಣ ಮುಖ್ಯ. ಅಳತೆಯ ಬಟ್ಟಲಿಗೆ ಶುಭಾಶುಭಗಳ ಭಯ ಸೇರಿಕೊಂಡುದು ಹೀಗೆ. ಶರಣರು ತಡೆದದ್ದು ಈ ಭಯವನ್ನು. ತಮ್ಮವರು ಬಂದು ಲಗ್ನವನ್ನು ಕೇಳಿದರೆ ಎಲ್ಲವೂ ಶುಭವೆಂದೇ ತಿಳಿಸಬೇಕೆಂಬ ಆಶಯದ ಬಸವಣ್ಣನವರ ವಚನವು ಪ್ರಸಿದ್ಧವಾಗಿದೆ. ಅವರ ನಿಲುವಿನಲ್ಲಿ ಕಾಲಕ್ಕೆ ಬೆಲೆ ಬರುವುದು ನಕ್ಷತ್ರದಿಂದಲ್ಲ, ಶಿವನಿಷ್ಠೆಯಿಂದ.

ಬಟ್ಟಲು ಮರೆಯಾಗಿ ಗಡಿಯಾರ ಬಂದಿದೆ. ಆ ಹೆಸರೂ ಘಟಿಕೆಯ ಬಳಗದ್ದೇ. ಲೆಕ್ಕದ ಗಳಿಗೆ ಇಂದು ಪಂಚಾಂಗದ ಪುಟಗಳಲ್ಲಿ ಉಳಿದಿದೆ. ತಾಳ್ಮೆಯ, ಅಕ್ಕರೆಯ ಗಳಿಗೆಯಾದರೋ ಜನರ ನಾಲಗೆಯ ಮೇಲಿದೆ.