ಕೊಸರು ಹಾಕುವ ಕೈ

ಕಾಲು ಕೆಜಿ ಸಕ್ಕರೆಯನ್ನು ಹಳೇ ಪೇಪರಿನ ಅರ್ಧ ಹಾಳೆಯಲ್ಲಿ ಒಂದು ಹರಳೂ ಉದುರದ ಹಾಗೆ ಕಟ್ಟುವುದನ್ನು ಕಲಿಯಲು ನನಗೆ ಹದಿನೈದು ದಿನ ಹಿಡಿಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಸೋದರಮಾವನ ದಿನಸಿ ಅಂಗಡಿಗೆ ನನ್ನನ್ನು ಬಿಟ್ಟಿದ್ದರು. ಮೊದಲ ದಿನ ನಾನು ಕಟ್ಟಿದ ಪೊಟ್ಟಣ ಗಿರಾಕಿಯ ಚೀಲದೊಳಗೇ ಬಿಚ್ಚಿಕೊಂಡು ಕೊತ್ತಂಬರಿ ಸೊಪ್ಪಿಗೆಲ್ಲ ಸಕ್ಕರೆ. ಮಾವ ಬೈಯಲಿಲ್ಲ. "ಕಿವಿ ಮೊದಲು ಒಳಗೆ ಹೋಗಬೇಕು ಕಣೋ, ದಾರ ಆಮೇಲೆ" ಅಂದರು.

ಹಾಳೆಯ ನಡುವೆ ಸಕ್ಕರೆ ಸುರಿದು ಎರಡು ಅಂಚು ಸೇರಿಸಿ ಮಡಿಚಬೇಕು. ಒಂದು ಬದಿಯ ಕಿವಿಗಳನ್ನು ಒಳಕ್ಕೆ ತಳ್ಳಿ, ನಿಲ್ಲಿಸಿ, ಹಲಗೆಗೆ ಎರಡು ಸಲ ಕುಟ್ಟಿದರೆ ಸಕ್ಕರೆ ಕೂರುತ್ತದೆ. ಆಮೇಲೆ ಇನ್ನೊಂದು ಬದಿ. ತಲೆಯ ಮೇಲೆ ತೂಗುಹಾಕಿದ ಡಬ್ಬಿಯ ತೂತಿನಿಂದ ಇಳಿಬಿದ್ದ ದಾರವನ್ನು ಎಳೆದು ಅಡ್ಡಕ್ಕೊಂದು, ಉದ್ದಕ್ಕೊಂದು ಸುತ್ತು. ಕತ್ತರಿ ಬೇಡ; ಬೆರಳಿಗೆ ಸುತ್ತಿ ಒಮ್ಮೆ ಝಾಡಿಸಿದರೆ ತುಂಡು. ಆ ವಾರವಿಡೀ ನನ್ನ ತೋರುಬೆರಳಿನಲ್ಲಿ ಕೆಂಪು ಗೆರೆ ಇತ್ತು.

ದಿನಸಿ ಅಂಗಡಿಯ ಕೆಲಸವೆಂದರೆ ಮೂಟೆ ಹೊರುವುದು, ಗುಡಿಸುವುದು, ದಿನವಿಡೀ ನಿಲ್ಲುವುದು. ಅದು ನಿಜವೇ. ಆದರೆ ಅಲ್ಲಿ ಪಳಗಬೇಕಾದದ್ದು ಕೈ. ಮಾವ ಕಡಲೆಬೇಳೆ ಚೀಲಕ್ಕೆ ಕೈಹಾಕಿ ತೆಗೆದರೆ ತಕ್ಕಡಿ ಅಲುಗಾಡಿ ಸುಮ್ಮನಾಗುತ್ತಿತ್ತು. ಅದರ ಮೇಲೆ ಇನ್ನಷ್ಟು ಕಾಳು, ಕೊಸರು. ಕೊಸರು ಹಾಕದ ಅಂಗಡಿಗೆ ಹೆಂಗಸರು ಎರಡನೇ ಸಲ ಬರುವುದಿಲ್ಲ. ಹೆಚ್ಚು ಹಾಕಿದರೆ ಮೂಟೆ ಮುಗಿಯುವಾಗ ಲೆಕ್ಕ ಸೋರಿರುತ್ತದೆ. ಎಷ್ಟು ಹಾಕಬೇಕೆಂದು ಮಾವ ಒಂದು ದಿನವೂ ಹೇಳಿಕೊಡಲಿಲ್ಲ.

ತೂಕಕ್ಕೆ ಸರ್ಕಾರದ ಕಣ್ಣೂ ಉಂಟು. ಕಬ್ಬಿಣದ ಬಟ್ಟುಗಳಿಗೆ 2 ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಬಟ್ಟಿನ ಗುಳಿಯಲ್ಲಿರುವ ಸೀಸದ ಮೇಲೆ ಆ ಮುದ್ರೆ ಒತ್ತುತ್ತಾರೆ. ಸೇರು, ಛಟಾಕು ಹೋಗಿ ಕಿಲೋ ಬಂದು 60 ವರ್ಷ ದಾಟಿದರೂ, "ಮೂರು ಪಾವು ಅಕ್ಕಿ ನೆನೆಹಾಕಿದ್ದೀನಿ, ಉದ್ದು ಎಷ್ಟು ಬೇಕು?" ಎಂದು ಕೇಳುವ ಅಜ್ಜಿಗೆ ಪಾವಿನಲ್ಲೇ ಉತ್ತರ ಹೇಳಬೇಕು.

ಬಾಯಿಗೂ ಕೆಲಸ ಇದೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಗಿರಾಕಿ ಕೇಳುವುದು ಮಾತ್ರ "ಬೇಳೆ ಬೇಗ ಬೇಯುತ್ತಾ?" ಎಂದು. ಸಾರಿನ ಪುಡಿಗೆ ಬಣ್ಣ ಬೇಕೆಂದರೆ ಬ್ಯಾಡಗಿ, ಖಾರ ಬೇಕೆಂದರೆ ಗುಂಟೂರು. ಎರಡನ್ನೂ ಯಾವ ಪಾಲಿನಲ್ಲಿ ಬೆರೆಸಬೇಕೆಂದು ಹೇಳಿದ ಮೇಲೆ, ಪುಡಿ ಕೆಟ್ಟರೆ ತಪ್ಪು ಅಂಗಡಿಯವನದೇ! ಬೆಳಗಿನ ಬೋಣಿಗೆ ಮುಂಚೆ ಸಾಲ ಬರೆಯುವಂತಿಲ್ಲ, ದೀಪ ಹಚ್ಚಿದ ಮೇಲೆ ಉಪ್ಪು ಕೊಡುವಂತಿಲ್ಲ. ತಿಂಗಳ ಮೊದಲ ವಾರ ಸಂಬಳದವರ ಚೀಟಿಗಳು, ಕೊನೆಯ ವಾರ "ಲೆಕ್ಕಕ್ಕೆ ಬರ್ಕೊಳ್ಳಿ ಅಣ್ಣ" ಎನ್ನುವ ತಗ್ಗಿದ ದನಿಗಳು. ಆ ದನಿ ಕೇಳಿದಾಗ ಮಾವ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು.

ಈಗ ಅಂಗಡಿ ಮಾವನ ಮಗನದು. ಯುಪಿಐ ಪೆಟ್ಟಿಗೆ ಹಣ ಬಂದದ್ದನ್ನು ಕೂಗಿ ಹೇಳುತ್ತದೆ. ದಾರದ ಡಬ್ಬಿ ಖಾಲಿಯಾಗಿ ನೇತಾಡುತ್ತಿದೆ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಿದ್ದದ್ದೇ ತಡ, 26 ಕೆಜಿ ಚೀಲಗಳು ಬಂದಿಳಿದವು. ಆ ಒಂದು ಕೆಜಿಯನ್ನೂ ಹೊರುವುದು ಅಂಗಡಿ ಹುಡುಗನ ಬೆನ್ನೇ.

ಒಂದು ಮಾತ್ರ ಬದಲಾಗಿಲ್ಲ. ರಾತ್ರಿ ಗುಡಿಸಿದಾಗ ಸೇರುವ ಅಕ್ಕಿ, ಹೆಸರುಕಾಳು, ಸಾಸಿವೆಯ ಕಲಬೆರಕೆಯನ್ನು ಒಂದು ಡಬ್ಬಕ್ಕೆ ಸುರಿಯುತ್ತಾರೆ. ಶನಿವಾರ ಹಿಂದಿನ ಕೇರಿಯಿಂದ ಕೋಳಿ ಸಾಕುವ ಅಜ್ಜಿ ಬರುತ್ತಾಳೆ. ಡಬ್ಬವನ್ನು ಸೆರಗಿಗೆ ಬಗ್ಗಿಸಿಕೊಂಡು, ಕೈಯಲ್ಲಿ ತೂಗಿ ನೋಡಿ, "ಈ ವಾರ ವ್ಯಾಪಾರ ಕಮ್ಮಿ ಏನಪ್ಪಾ?" ಎನ್ನುತ್ತಾಳೆ.